ಮಷಿನ್ ಮುಂದೆ ನಿಂತವರನ್ನೇ ಸೇಫ್ಟಿ ತಜ್ಞರನ್ನಾಗಿ ಮಾಡುವುದು ಹೇಗೆ?

"ಸೇಫ್ಟಿಗೆ ಒಬ್ಬರನ್ನು ಕೊಡಿ" ಅಂತ ಪ್ರೊಡಕ್ಷನ್‌ನವರನ್ನು ಕೇಳಿ ನೋಡಿ. ಯಾರನ್ನು ಕಳಿಸುತ್ತಾರೆ? ಸೊಂಟ ನೋವು ಅಂತ ಲೈಟ್ ಡ್ಯೂಟಿಯಲ್ಲಿ ಇರುವವರನ್ನು. ಇಲ್ಲಾಂದ್ರೆ ಸೂಪರ್‌ವೈಸರ್ ಜೊತೆ ಜಗಳ ಮಾಡಿಕೊಂಡವರನ್ನು. ಪೀಣ್ಯದ ಪ್ರೆಸ್ ಶಾಪ್‌ಗಳಲ್ಲಿ, ಅಂದರೆ ತಗಡು ಒತ್ತಿ ಪೀಸ್ ಮಾಡುವ ಕಡೆ, ಸೇಫ್ಟಿ ನೋಡಿಕೊಳ್ಳುವ ನಾನು ಈ ಎರಡನೆಯವರನ್ನು ಖುಷಿಯಿಂದಲೇ ಕರೆದುಕೊಳ್ಳುತ್ತೇನೆ. ಎಷ್ಟೋ ಸಲ ಆ ಜಗಳ ಶುರುವಾಗಿದ್ದೇ ಗಾರ್ಡ್ (ಕೈ ಒಳಗೆ ಹೋಗದಂತೆ ತಡೆಯುವ ಕವಚ) ಇಲ್ಲದ ಮಷಿನ್ ವಿಷಯಕ್ಕೆ.

ಆದರೆ ನಿಜವಾಗಿ ಬೇಕಾಗಿರುವವರು ಬೇರೆ. "ಅವರನ್ನು ಮಾತ್ರ ಕೇಳಬೇಡಿ ಮೇಡಂ, ಲೈನ್ ನಿಂತುಹೋಗುತ್ತೆ" ಅಂತ ಮ್ಯಾನೇಜರ್ ಯಾರ ಬಗ್ಗೆ ಹೇಳುತ್ತಾರೋ ಅವರು. ಅವರನ್ನು ಹುಡುಕುವುದು ಕಷ್ಟವೇನಲ್ಲ. ಒಂದು ಶಿಫ್ಟ್ ಪೂರ್ತಿ ಶಾಪ್‌ನಲ್ಲಿ ಸುಮ್ನೆ ನಿಂತುಕೊಳ್ಳಿ. ಮಷಿನ್ ಸದ್ದು ಬದಲಾದಾಗ ಪಕ್ಕದವರು ಯಾರನ್ನು ಕೂಗಿ ಕರೆಯುತ್ತಾರೆ ನೋಡಿ. ಹೊಸ ಹುಡುಗರು ಊಟದ ಹೊತ್ತಿಗೆ ಯಾರ ಪಕ್ಕ ಕೂರುತ್ತಾರೆ ನೋಡಿ. ಐಟಿಐ ಓದಿದ್ದರೆ ಒಳ್ಳೆಯದು. ಹತ್ತನೇ ತರಗತಿ ಆಗಿದ್ದರೂ ಶುರು ಮಾಡಲು ಸಾಕು. ಓದು ಆಮೇಲೆ ಸೇರಿಸಬಹುದು. ಜನ ನಂಬುವ ಗುಣವನ್ನು ಯಾವ ಟ್ರೈನಿಂಗ್‌ನಲ್ಲೂ ಕೊಡೋಕೆ ಆಗಲ್ಲ.

ಕಾಂಟ್ರಾಕ್ಟ್‌ನವರನ್ನು ಬಿಡಬೇಡಿ. ಟ್ಯಾಂಕ್ ಇಳಿಯುವುದು, ಚಾವಣಿ ಶೀಟ್ ಹತ್ತುವುದು, ಸ್ಕ್ರ್ಯಾಪ್ ಎಳೆಯುವುದು ಎಲ್ಲಾ ಅವರೇ. ಅವರಲ್ಲಿ ಒಬ್ಬರಾದರೂ ಇಲ್ಲದ ಸೇಫ್ಟಿ ಟೀಮ್‌ಗೆ ಅರ್ಧ ಫ್ಯಾಕ್ಟರಿ ಕಾಣುವುದೇ ಇಲ್ಲ. ಈಗ ಬೆಂಗಳೂರಿನ ಶಾಪ್‌ಗಳಲ್ಲಿ ಒಡಿಶಾ, ಬಿಹಾರ, ಬಂಗಾಳದ ಹುಡುಗರು ತುಂಬಾ ಇದ್ದಾರೆ. ಹಿಂದಿಯೋ ಒಡಿಯಾನೋ ಮಾತಾಡುವವರು ಒಬ್ಬರು ಟೀಮ್‌ನಲ್ಲಿ ಇರಲಿ. ಗೋಡೆ ಮೇಲೆ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬೋರ್ಡ್ ಹಾಕಿ, ಎರಡೂ ಓದಲು ಬಾರದವರನ್ನು ಅದರ ಕೆಳಗೆ ಕೆಲಸಕ್ಕೆ ನಿಲ್ಲಿಸಿದರೆ ಏನು ಬಂತು?

ಮೊದಲ ಪಾಠ: ಕೈ ನೋಡುವುದು

ಪ್ರೊಜೆಕ್ಟರ್ ಆನ್ ಮಾಡಬೇಡಿ. ಕಾಯ್ದೆ ಪುಸ್ತಕ ಕೊಡಬೇಡಿ. ಮೊದಲ ವಾರ ಟ್ರೈನಿಂಗ್ ರೂಮ್‌ಗೆ ಬೀಗ ಹಾಕಿಬಿಡಿ.

ನಾನು ಕೊಡುವ ಮೊದಲ ಕೆಲಸ ಇಷ್ಟೇ. ಒಂದು ಪವರ್ ಪ್ರೆಸ್ ಎದುರು ಅರ್ಧ ಗಂಟೆ ನಿಲ್ಲಬೇಕು. ಮುಖ ನೋಡುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಆಪರೇಟರ್ ಕೈ ಮಾತ್ರ ನೋಡಬೇಕು. ಎಡಗೈ ಎಲ್ಲಿ ಹೋಯಿತು, ಬಲಗೈ ಎಲ್ಲಿ ಹೋಯಿತು, ಯಾವಾಗ ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ಒಳಗೆ ಹೋಯಿತು. ಇದನ್ನೆಲ್ಲ ಚಿಕ್ಕ ನೋಟ್‌ಬುಕ್‌ನಲ್ಲಿ ಬರೆಯಬೇಕು. ಅದೇ ಪ್ರೆಸ್ ಮೇಲೆ ಹತ್ತು ವರ್ಷ ಕೆಲಸ ಮಾಡಿದವರಿಗೂ ಇದು ಹೊಸದು. ತಾವೇ ಮಾಡುವಾಗ ಪೀಸ್ ಕಾಣುತ್ತದೆ, ಕೈ ಕಾಣುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಟೂ-ಹ್ಯಾಂಡ್ ಬಟನ್ ಇರುವ ಪ್ರೆಸ್ ಅದು. ಎರಡೂ ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ತಗಡನ್ನು ಒತ್ತುವ ಭಾರದ ಭಾಗ, ಅಂದರೆ ರ‍್ಯಾಮ್ ಇಳಿಯಬೇಕು. ಎರಡೂ ಕೈ ಬಟನ್ ಮೇಲಿದ್ದರೆ ಡೈ ಒಳಗೆ ಕೈ ಇರಲ್ಲ ಅನ್ನುವುದು ಲೆಕ್ಕ. ಕಲಿಯುತ್ತಿದ್ದ ಹುಡುಗನ ಕಣ್ಣಿಗೆ ಬಿದ್ದದ್ದು ಎಡ ಬಟನ್. ಅದರ ಮೇಲೊಂದು ವಾಷರ್ ಇಟ್ಟು ಇನ್ಸುಲೇಷನ್ ಟೇಪ್ ಸುತ್ತಿದ್ದರು. ಅಂದರೆ ಆ ಬಟನ್ ಸದಾ ಒತ್ತಿಕೊಂಡೇ ಇತ್ತು. ಪ್ರೆಸ್ ನಡೆಯುತ್ತಿದ್ದದ್ದು ಒಂದೇ ಕೈಯಲ್ಲಿ.

ಇಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಟೇಪ್ ಕಿತ್ತು, ಫೋಟೋ ತೆಗೆದು, ವಾರ್ನಿಂಗ್ ಲೆಟರ್ ಕೊಟ್ಟು ಮುಂದೆ ಹೋಗುತ್ತಾರೆ. ಮಾರನೆ ದಿನ ಹೊಸ ಟೇಪ್. ಅದಕ್ಕೇ ನನ್ನ ಹತ್ತಿರ ಕಲಿಯುವವರಿಗೆ ಒಂದು ನಿಯಮ: ಟೇಪ್ ಕೀಳುವ ಮೊದಲು ಮಷಿನ್ ನಿಲ್ಲಿಸಿ, "ಅಣ್ಣ, ಇದು ಯಾಕೆ?" ಅಂತ ಕೇಳಬೇಕು. ಕೇಳುವಾಗ ದನಿಯಲ್ಲಿ ಪೊಲೀಸ್ ಇರಬಾರದು.

ಆ ಆಪರೇಟರ್ ಹೇಳಿದ್ದು: "ಪೀಸ್ ಡೈಗೆ ಅಂಟಿಕೊಳ್ಳುತ್ತೆ. ಒಂದು ಕೈಯಲ್ಲಿ ಕೀಳಬೇಕು, ಇನ್ನೊಂದು ಕೈಯಲ್ಲಿ ಹೊಸದು ಇಡಬೇಕು. ಎರಡೂ ಬಟನ್ ಒತ್ತುತ್ತಾ ಕೂತರೆ ಟಾರ್ಗೆಟ್ ಮುಟ್ಟಲ್ಲ. ಅಲ್ದೆ ಆ ಬಟನ್ ನೋಡಿ, ನನ್ನ ಭುಜಕ್ಕಿಂತ ಎತ್ತರ. ಮಧ್ಯಾಹ್ನದ ಹೊತ್ತಿಗೆ ತೋಳು ಬಿದ್ದುಹೋಗುತ್ತೆ." ಒಂದು ಟೇಪ್ ಹಿಂದೆ ಮೂರು ಕಾರಣ. ಪೀಸ್ ಅಂಟುವುದು ಟೂಲ್ ರೂಮ್‌ನ ಸಮಸ್ಯೆ. ಟಾರ್ಗೆಟ್ ಪ್ಲಾನಿಂಗ್‌ನವರದ್ದು. ಬಟನ್ ಎತ್ತರ ಮೆಂಟೆನೆನ್ಸ್‌ದು. ಆಪರೇಟರ್‌ದು ಯಾವುದೂ ಅಲ್ಲ, ಬೆರಳು ಮಾತ್ರ ಅವರದ್ದು.

ಡೈಗೆ ಪೀಸನ್ನು ಹೊರಗೆ ತಳ್ಳುವ ಸ್ಪ್ರಿಂಗ್ ಇಜೆಕ್ಟರ್ ಹಾಕಿದೆವು. ಬಟನ್ ಸ್ಟ್ಯಾಂಡ್ ಕೆಳಗಿಳಿಸಿದೆವು. ಪೀಸ್ ಇಡಲು ಮ್ಯಾಗ್ನೆಟ್ ಇರುವ ಟಾಂಗ್ (ಇಕ್ಕಳ) ಕೊಟ್ಟೆವು. ಬಟನ್ ಸರ್ಕ್ಯೂಟ್ ಕೂಡ ಬದಲಾಯಿತು: ಎರಡೂ ಬಟನ್ ಒಟ್ಟಿಗೆ ಒತ್ತಬೇಕು, ಪ್ರತಿ ಸ್ಟ್ರೋಕ್‌ಗೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು. ಹಾಗಿದ್ದರೆ ಟೇಪ್ ಸುತ್ತಿ ಪ್ರಯೋಜನವೇ ಇಲ್ಲ. ಇಷ್ಟರಲ್ಲಿ ಆ ಹುಡುಗ ಇಡೀ ಕೋರ್ಸ್‌ನ ಮುಖ್ಯ ಪಾಠ ಕಲಿತುಬಿಟ್ಟಿದ್ದ. ಅಪಾಯವನ್ನೇ ತೆಗೆದುಹಾಕುವುದು ಮೊದಲು. ಆಗದಿದ್ದರೆ ಕಡಿಮೆ ಅಪಾಯದ ವಿಧಾನ. ಅದೂ ಆಗದಿದ್ದರೆ ಮಷಿನ್‌ಗೆ ಗಾರ್ಡ್. ಆಮೇಲೆ ನಿಯಮ, ಬೋರ್ಡ್, ಟ್ರೈನಿಂಗ್. ಗ್ಲೌಸು, ಹೆಲ್ಮೆಟ್ಟು ಎಲ್ಲಕ್ಕಿಂತ ಕೊನೆಗೆ. ಇದನ್ನು ಪಿರಮಿಡ್ ಚಿತ್ರ ಬರೆದು ಹೇಳಿದರೆ ಪರೀಕ್ಷೆವರೆಗೆ ನೆನಪಿರುತ್ತದೆ. ಒಂದು ಪ್ರೆಸ್ ಮೇಲೆ ತಾವೇ ಮಾಡಿದರೆ ಮರೆಯುವುದಿಲ್ಲ.

ಇದೇ ಹೊತ್ತಿನಲ್ಲಿ ಮಷಿನ್‌ನ ಒಳಗನ್ನೂ ಹೇಳಿಕೊಡಿ. ಹಳೇ ಕೀ-ಕ್ಲಚ್ ಪ್ರೆಸ್ ಒಮ್ಮೆ ಟ್ರಿಪ್ ಆದರೆ ಪೂರ್ತಿ ಸುತ್ತು ಮುಗಿಸಿಯೇ ನಿಲ್ಲುವುದು, ನಡುವೆ ನಿಲ್ಲಿಸಲು ಆಗಲ್ಲ. ಅಂಥ ಪ್ರೆಸ್‌ಗೆ ಲೈಟ್ ಕರ್ಟನ್ (ಬೆಳಕಿನ ಬೀಮ್‌ಗೆ ಕೈ ಅಡ್ಡ ಬಂದರೆ ಮಷಿನ್ ನಿಲ್ಲಿಸಬೇಕಾದ ಸಾಧನ) ಹಾಕಿಸಿ, ಸೇಫ್ಟಿ ಆಯ್ತು ಅಂದುಕೊಂಡವರನ್ನು ನೋಡಿದ್ದೇನೆ. ಬೀಮ್ ಕಟ್ ಆಗುತ್ತೆ, ಲೈಟ್ ಕೆಂಪಾಗುತ್ತೆ, ರ‍್ಯಾಮ್ ಇಳಿಯುತ್ತಲೇ ಇರುತ್ತೆ. ಅಲ್ಲಿ ಬೇಕಾಗಿರುವುದು ಡೈ ಸುತ್ತ ಫಿಕ್ಸೆಡ್ ಗಾರ್ಡ್.

ಬೀಗ ಮತ್ತು ಕೀ

ಎರಡನೇ ತಿಂಗಳು ಲಾಕ್‌ಔಟ್, ಅಂದರೆ ರಿಪೇರಿ ಮಾಡುವಾಗ ಯಾರೂ ಮಷಿನ್ ಶುರು ಮಾಡದಂತೆ ಅದರ ಸ್ವಿಚ್‌ಗೆ ಬೀಗ ಹಾಕುವುದು. ಪ್ರತಿಯೊಬ್ಬರಿಗೂ ಸ್ವಂತ ಬೀಗ, ಬೀಗದ ಮೇಲೆ ಹೆಸರು, ಕೀ ಅವರ ಜೇಬಲ್ಲಿ. ಡುಪ್ಲಿಕೇಟ್ ಕೀ ಸೂಪರ್‌ವೈಸರ್ ಡ್ರಾಯರ್‌ನಲ್ಲಿ ಇಡುವ ಪದ್ಧತಿ ಇದ್ದರೆ ಮೊದಲು ಅದನ್ನು ನಿಲ್ಲಿಸಿ.

ಮಾಡುವ ಕ್ರಮ: ಆಪರೇಟರ್‌ಗೆ ತಿಳಿಸುವುದು, ಮಷಿನ್ ನಿಲ್ಲಿಸುವುದು, ಮೇನ್ ಐಸೊಲೇಟರ್ (ಕರೆಂಟ್ ಪೂರ್ತಿ ಕಡಿಯುವ ಸ್ವಿಚ್) ಆಫ್ ಮಾಡುವುದು, ಬೀಗ ಹಾಕಿ ಟ್ಯಾಗ್ ಕಟ್ಟುವುದು. ಇಲ್ಲಿಗೆ ಮುಗೀತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಪ್ರೆಸ್‌ನ ಭಾರದ ಚಕ್ರ, ಅಂದರೆ ಫ್ಲೈವೀಲ್, ಇನ್ನೂ ತಿರುಗುತ್ತಿರುತ್ತದೆ. ಏರ್ ಲೈನ್‌ನಲ್ಲಿ ಪ್ರೆಷರ್ ಇರುತ್ತದೆ. ರ‍್ಯಾಮ್ ಮೇಲೆ ನಿಂತಿದ್ದರೆ ಅದರ ತೂಕವೇ ಅದನ್ನು ಕೆಳಗೆ ತರಬಹುದು. ಆದ್ದರಿಂದ ಫ್ಲೈವೀಲ್ ನಿಲ್ಲುವ ತನಕ ಕಾಯಬೇಕು, ಗಾಳಿ ಹೊರಗೆ ಬಿಡಬೇಕು, ಡೈ ನಡುವೆ ಸೇಫ್ಟಿ ಬ್ಲಾಕ್ ಇಡಬೇಕು. ಕೊನೆಗೆ ಸ್ಟಾರ್ಟ್ ಬಟನ್ ಒತ್ತಿ, ಮಷಿನ್ ಶುರುವಾಗಲ್ಲ ಅಂತ ಕಣ್ಣಾರೆ ನೋಡಬೇಕು. ಈ ಕೊನೆಯದನ್ನು ಬಿಟ್ಟರೆ ನಾನು ಪಾಸ್ ಮಾಡುವುದಿಲ್ಲ. ತಪ್ಪು ಐಸೊಲೇಟರ್‌ಗೆ ಬೀಗ ಹಾಕಿದ್ದು ಗೊತ್ತಾಗುವುದು ಅಲ್ಲೇ.

ಲೋಹ ಉಜ್ಜುವ ಗ್ರೈಂಡರ್ ಚಿಕ್ಕ ವಿಷಯ, ಬೇಗ ಹೇಳಿಬಿಡುತ್ತೇನೆ. ವೀಲ್‌ಗೂ (ಉಜ್ಜುವ ಚಕ್ರ) ಟೂಲ್ ರೆಸ್ಟ್‌ಗೂ (ಪೀಸ್ ಒರಗಿಸುವ ಪಟ್ಟಿ) ನಡುವೆ 3 ಮಿ.ಮೀ.ಗಿಂತ ಜಾಸ್ತಿ ಸಂದು ಇರಬಾರದು. ಹೊಸ ವೀಲ್ ಹಾಕುವ ಮೊದಲು ಅದನ್ನು ನೇತುಹಾಕಿ ಸ್ಕ್ರೂಡ್ರೈವರ್‌ನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಟಣ್ ಅಂದರೆ ಸರಿ. ಮಂದ ಸದ್ದು ಬಂದರೆ ಬಿರುಕು ಬಿಟ್ಟಿದೆ, ಎಸೆಯಿರಿ. ವೀಲ್ ಮೇಲೆ ಬರೆದ ಸ್ಪೀಡ್ ಗ್ರೈಂಡರ್ ಸ್ಪೀಡ್‌ಗಿಂತ ಕಡಿಮೆ ಇರಬಾರದು.

ಟ್ಯಾಂಕ್

ಇಲ್ಲಿ ಮಾತ್ರ ನಾನು ನಗುವುದಿಲ್ಲ, ಕ್ಲಾಸ್‌ನಲ್ಲಿ ಯಾರಿಗೂ ನಗಲು ಬಿಡುವುದಿಲ್ಲ. ಇಟಿಪಿ (ಫ್ಯಾಕ್ಟರಿಯ ಕೊಳಚೆ ನೀರು ಶುದ್ಧ ಮಾಡುವ ಘಟಕ) ಟ್ಯಾಂಕ್, ಸಂಪ್, ಸೆಪ್ಟಿಕ್ ಟ್ಯಾಂಕ್ ಯಾವುದೇ ಇರಲಿ, ಸಾವು ಒಂದಕ್ಕೆ ನಿಲ್ಲುವುದಿಲ್ಲ. ಒಳಗೆ ಬಿದ್ದವರನ್ನು ಎತ್ತಲು ಇನ್ನೊಬ್ಬರು ಇಳಿಯುತ್ತಾರೆ, ಅವರನ್ನು ಎತ್ತಲು ಮತ್ತೊಬ್ಬರು. ಮೊದಲು ಬಾಯಿಪಾಠ ಮಾಡಿಸುವ ನಿಯಮ: ಮೇಲೆ ಕಾವಲು ನಿಂತವರು ಏನೇ ಆದರೂ ಇಳಿಯುವ ಹಾಗಿಲ್ಲ. ಒಳಗಿರುವವರ ಮೈಮೇಲೆ ಹಾರ್ನೆಸ್ ಇರಬೇಕು, ಅದರ ಹಗ್ಗ ಟ್ರೈಪಾಡ್‌ಗೆ ಇರಬೇಕು, ಮೇಲಿನವರು ಅಲ್ಲಿಂದಲೇ ಎಳೆಯಬೇಕು.

ಗಾಳಿಯಲ್ಲಿ ಸಾಮಾನ್ಯವಾಗಿ ಆಕ್ಸಿಜನ್ 20.9 ಪರ್ಸೆಂಟ್. 19.5ಕ್ಕಿಂತ ಕೆಳಗಿದ್ದರೆ ಇಳಿಯುವ ಮಾತೇ ಇಲ್ಲ. ಗ್ಯಾಸ್ ಮೀಟರ್‌ನಲ್ಲಿ ಮೊದಲು ಆಕ್ಸಿಜನ್, ಆಮೇಲೆ ಹೊತ್ತಿಕೊಳ್ಳುವ ಗ್ಯಾಸ್, ಆಮೇಲೆ ವಿಷದ ಗ್ಯಾಸ್ ನೋಡಬೇಕು. ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಅಳೆಯಬೇಕು. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಕೊಳೆತ ಮೊಟ್ಟೆ ವಾಸನೆ ಹೋಯ್ತು, ಈಗ ಪರವಾಗಿಲ್ಲ ಅಂತ ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ. ಆ ಗ್ಯಾಸ್ ಜಾಸ್ತಿಯಾದರೆ ಮೂಗೇ ಕೆಲಸ ನಿಲ್ಲಿಸುತ್ತದೆ. ಬಟ್ಟೆ ಮಾಸ್ಕ್ ಕಟ್ಟಿಕೊಂಡು ಇಳಿಯುವುದೂ ಬರಿಮೈಯಲ್ಲಿ ಇಳಿಯುವುದೂ ಇಲ್ಲಿ ಒಂದೇ. ಬೆಂಕಿಕಡ್ಡಿ ಗೀರಿ ಕೆಳಗೆ ಬಿಟ್ಟು ನೋಡುವವರು ಈಗಲೂ ಇದ್ದಾರೆ. ಒಳಗೆ ಮೀಥೇನ್ ಇದ್ದರೆ?

ಆರೋಗ್ಯದ ಅರ್ಧ

ಸೇಫ್ಟಿ ಅಂಡ್ ಹೆಲ್ತ್ ಅಂತ ಬೋರ್ಡ್ ಇರುತ್ತದೆ, ಹೆಲ್ತ್ ಯಾರೂ ನೋಡಲ್ಲ. ಬೆರಳು ಹೋದರೆ ಆ ಕ್ಷಣವೇ ಎಲ್ಲರಿಗೂ ಕಾಣುತ್ತದೆ. ಕಿವಿ ಹೋಗಲು ಹತ್ತು ವರ್ಷ ಹಿಡಿಯುತ್ತದೆ, ಅಷ್ಟರಲ್ಲಿ ಅವರು ಬೇರೆ ಫ್ಯಾಕ್ಟರಿಯಲ್ಲಿರುತ್ತಾರೆ.

ನಮ್ಮ ಫ್ಯಾಕ್ಟರಿ ನಿಯಮಗಳಲ್ಲಿ ಬಂದ ಮಿತಿ 8 ಗಂಟೆಗೆ 90 ಡೆಸಿಬೆಲ್. 5 ಏರಿದರೆ ಸಮಯ ಅರ್ಧ: 95ಕ್ಕೆ 4 ಗಂಟೆ, 100ಕ್ಕೆ 2 ಗಂಟೆ. ಮೀಟರ್ ಇಲ್ಲದಿದ್ದರೆ ಒಂದು ಸುಲಭದ ಪರೀಕ್ಷೆ ಕಲಿಸಿ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಇರುವವರಿಗೆ ಕೂಗಿ ಹೇಳಬೇಕಾಗುತ್ತಿದೆಯಾ? ಹಾಗಿದ್ದರೆ ಮೀಟರ್ ತರಿಸಿ ಅಳೆಸುವ ಹೊತ್ತು ಬಂದಿದೆ. ಇಯರ್ ಪ್ಲಗ್ ಹಂಚುವ ಮೊದಲು ಸಡಿಲ ಬೋಲ್ಟ್, ಸೈಲೆನ್ಸರ್ ಇಲ್ಲದ ಏರ್ ಬ್ಲೋ ನಾಝಲ್, ತಗಡಿನ ಡಬ್ಬಕ್ಕೆ ಪೀಸ್ ಬೀಳುವ ಸದ್ದು ಇವನ್ನು ನೋಡಲಿ. ಡಬ್ಬದ ಒಳಗೆ ಹಳೇ ರಬ್ಬರ್ ಶೀಟ್ ಹಾಕಿದರೆ ಎಷ್ಟು ಸದ್ದು ಇಳಿಯುತ್ತೆ ಅಂತ ನೀವೇ ನೋಡಿ.

ಧೂಳಿನ ಬಗ್ಗೆ ಮಾತಾಡುವಾಗ ಕೋಲಾರದ ಚಿನ್ನದ ಗಣಿ ನೆನಪು ಮಾಡಿಕೊಡುತ್ತೇನೆ. ಗಣಿ 2001ರಲ್ಲಿ ಮುಚ್ಚಿತು. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಹಿಡಿದ ಶ್ವಾಸಕೋಶಕ್ಕೆ ಗಣಿ ಮುಚ್ಚಿದರೂ ವಾಸಿ ಇಲ್ಲ. ಇವತ್ತು ಆ ಧೂಳಿನಲ್ಲಿದ್ದ ಸಿಲಿಕಾವೇ ಫೌಂಡ್ರಿಯಲ್ಲಿ, ಗ್ರಾನೈಟ್ ಕಟಿಂಗ್‌ನಲ್ಲಿ ಇದೆ. ಒಣ ಪೊರಕೆಯಲ್ಲಿ ಗುಡಿಸುವುದು, ಏರ್ ಗನ್‌ನಲ್ಲಿ ಬಟ್ಟೆ ಕೊಡವಿಕೊಳ್ಳುವುದು ಎರಡನ್ನೂ ನಿಲ್ಲಿಸಿದರೆ ಅದೇ ದೊಡ್ಡ ಕೆಲಸ. ನೀರು ಚಿಮುಕಿಸಿ ಗುಡಿಸಲಿ, ಇಲ್ಲವೇ ವ್ಯಾಕ್ಯೂಮ್ ತರಿಸಲಿ.

ಗಾರ್ಮೆಂಟ್ಸ್‌ನಲ್ಲಿ ಟ್ರೈನಿಂಗ್ ಕೊಡುವಾಗ ನಾನು ಹೆಣ್ಣುಮಕ್ಕಳನ್ನೇ ಜಾಸ್ತಿ ಆರಿಸುತ್ತೇನೆ. ಸೂಜಿ ಗಾರ್ಡ್, ಬೆಲ್ಟ್ ಕವರ್, ಎಕ್ಸಿಟ್ ಬಾಗಿಲಿಗೆ ಅಡ್ಡ ಇಟ್ಟ ಕಾರ್ಟನ್ ಇವನ್ನು ಆಡಿಟರ್ ಕೂಡ ಕಂಡುಹಿಡಿಯುತ್ತಾರೆ. ಟಾಯ್ಲೆಟ್‌ಗೆ ಎದ್ದು ಹೋದರೆ ಲೈನ್ ಸೂಪರ್‌ವೈಸರ್ ಬೈಯುತ್ತಾರೆ ಅಂತ ಬೆಳಗ್ಗೆಯಿಂದ ನೀರೇ ಕುಡಿಯದೆ ಕೂತಿರುವುದು, ಅದರಿಂದ ಉರಿಮೂತ್ರ, ಜ್ವರ ಬರುವುದು ಯಾವ ಚೆಕ್‌ಲಿಸ್ಟ್‌ನಲ್ಲೂ ಇಲ್ಲ. ಪಕ್ಕದ ಮಷಿನ್‌ನ ಅಕ್ಕನಿಗೆ ಮಾತ್ರ ಅದನ್ನು ಹೇಳುತ್ತಾರೆ. ಆ ಅಕ್ಕನೇ ಸೇಫ್ಟಿ ಕಮಿಟಿಯಲ್ಲಿ ಇದ್ದರೆ ವಿಷಯ ಮೀಟಿಂಗ್‌ಗೆ ಬರುತ್ತದೆ.

ಆಯುಧಪೂಜೆಯ ಮಾರನೆ ದಿನ

ವರ್ಷದಲ್ಲಿ ಒಂದೇ ದಿನ ಕ್ಲಾಸ್ ಮಾಡಿ ಅಂದರೆ ನಾನು ಆ ದಿನ ಆರಿಸಿಕೊಳ್ಳುತ್ತೇನೆ. ಪೂಜೆಗೆ ಮಷಿನ್ ತೊಳೆಯಲು ಗಾರ್ಡ್ ಬಿಚ್ಚಿರುತ್ತಾರೆ, ವಾಪಸ್ ಹಾಕಿರುವುದಿಲ್ಲ. ಹೊಸ ಪೇಂಟ್ ಬಳಿದ ಉತ್ಸಾಹದಲ್ಲಿ ಆಯಿಲ್ ಲೆವೆಲ್ ಗ್ಲಾಸ್‌ಗೂ ಪೇಂಟ್, ಎಮರ್ಜೆನ್ಸಿ ಸ್ಟಾಪ್‌ಗೂ ಅದೇ ಹಸಿರು. ಲೈಟ್ ಕರ್ಟನ್‌ನ ಗಾಜಿನ ಮೇಲೆ ಕುಂಕುಮದ ಬೊಟ್ಟು. ಬೀಮ್ ಕಟ್ ಆಗಿ ಪ್ರೆಸ್ ನಿಲ್ಲುತ್ತದೆ. ಒರೆಸುವ ಬದಲು ಲೈಟ್ ಕರ್ಟನ್ ಇಲ್ಲದೆಯೂ ಪ್ರೆಸ್ ನಡೆಸುವ ಬೈಪಾಸ್ ಕೀಯನ್ನು ಯಾರೋ ತಿರುಗಿಸುತ್ತಾರೆ. ಕುಂಬಳಕಾಯಿ ಒಡೆದ ಜಾಗದಲ್ಲಿ ನೆಲ ಜಾರುತ್ತದೆ, ಅದೇ ದಾರಿಯಲ್ಲಿ ಫೋರ್ಕ್‌ಲಿಫ್ಟ್. ಟ್ರೈನಿಗಳ ಕೈಗೆ ನೋಟ್‌ಬುಕ್ ಕೊಟ್ಟು, ಮೊದಲ ಮಷಿನ್ ಸ್ಟಾರ್ಟ್ ಆಗುವ ಮುಂಚೆ ಇಡೀ ಶಾಪ್ ಸುತ್ತಿಸಿ. ಪೂಜೆ ಮಾಡಬೇಡಿ ಅಂತ ಅಲ್ಲ. ನಾನೂ ಮಂಡಕ್ಕಿ ಪ್ರಸಾದ ತಿಂದೇ ಸುತ್ತುವುದು.

ಮಾರ್ಚ್ 4ರ ಸುರಕ್ಷತಾ ದಿನದ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ರಾಷ್ಟ್ರೀಯ ಸುರಕ್ಷತಾ ಪರಿಷತ್ತು 1966ರ ಮಾರ್ಚ್ 4ರಂದು ಶುರುವಾಯಿತು, ಅದಕ್ಕೆ ಆ ದಿನ. ಬ್ಯಾಡ್ಜ್, ಪ್ರತಿಜ್ಞೆ, ಪ್ರಬಂಧ ಸ್ಪರ್ಧೆ, ಸ್ವೀಟ್ ಬಾಕ್ಸ್. ಆ ದುಡ್ಡಲ್ಲಿ ಒಂದು ಗ್ಯಾಸ್ ಮೀಟರ್ ಕ್ಯಾಲಿಬ್ರೇಷನ್ ಮಾಡಿಸಬಹುದು ಅಂತ ಪ್ರತಿ ವರ್ಷ ಹೇಳುತ್ತೇನೆ, ಸ್ವೀಟ್ ಬಾಕ್ಸ್ ಪ್ರತಿ ವರ್ಷ ಬರುತ್ತದೆ.

ಮಾತಾಡುವುದು, ಬರೆಯುವುದು

ಮೂರನೇ ತಿಂಗಳಿಂದ ಟೂಲ್‌ಬಾಕ್ಸ್ ಟಾಕ್ ಅವರಿಗೇ ಬಿಡಿ. ಶಿಫ್ಟ್ ಶುರುವಿಗೆ ಹತ್ತು ನಿಮಿಷ, ಒಂದೇ ವಿಷಯ, ಕೈಯಲ್ಲಿ ಒಂದು ವಸ್ತು. ಹರಿದ ಸ್ಲಿಂಗ್ (ಭಾರ ಎತ್ತುವ ಬೆಲ್ಟ್) ಹಿಡಿದು ಮಾತಾಡಿದರೆ ಜನ ಕೇಳುತ್ತಾರೆ. ಪೇಪರ್ ನೋಡಿ ಓದಿದರೆ ಮೊಬೈಲ್ ನೋಡುತ್ತಾರೆ.

ಸ್ವಲ್ಪದರಲ್ಲಿ ತಪ್ಪಿದ ಘಟನೆಗಳನ್ನು, ಅಂದರೆ ನಿಯರ್ ಮಿಸ್‌ಗಳನ್ನು ಬರೆಸಿ. ಬರೆಯಲು ಬೇಸರ ಅಂದರೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಸಾಕು, ಯಾವ ಭಾಷೆಯಲ್ಲಾದರೂ ಸರಿ. ಹೇಳಿದವರಿಗೆ ಬೈಗುಳ ಬಿದ್ದರೆ ಅದೇ ಕೊನೆಯ ಮೆಸೇಜ್. ಅಪಘಾತದ ರಿಪೋರ್ಟ್‌ನಲ್ಲಿ "ಆಪರೇಟರ್ ನೆಗ್ಲಿಜೆನ್ಸ್" ಅಂತ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಅದು ಕಾರಣ ಹುಡುಕುವುದು ನಿಲ್ಲಿಸಿದ ಜಾಗ ಅಷ್ಟೇ. ಟೇಪ್ ಸುತ್ತಿದ ಬಟನ್‌ಗೂ ಅದೇ ಬರೆಯಬಹುದಿತ್ತು, ಅಲ್ವಾ?

ಸೊನ್ನೆ ಅಪಘಾತಕ್ಕೆ ಬಹುಮಾನ ಇಡಬೇಡಿ. ಗಾಯವಾಗಿ 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ ಇಲಾಖೆಗೆ ತಿಳಿಸಬೇಕು ಅನ್ನುವುದು ಕಾನೂನು. ಬಹುಮಾನ ತಪ್ಪಬಾರದು ಅಂತ ಕೈಗೆ ಬ್ಯಾಂಡೇಜ್ ಸುತ್ತಿದವರನ್ನು ಆಟೋದಲ್ಲಿ ಕರೆತಂದು ಸ್ಟೋರ್ಸ್‌ನಲ್ಲಿ ಕೂರಿಸಿ ಹಾಜರಿ ಹಾಕುತ್ತಾರೆ. ಕೊಡುವುದಿದ್ದರೆ ಎಷ್ಟು ನಿಯರ್ ಮಿಸ್ ಹೇಳಿದರು, ಎಷ್ಟು ಸರಿಯಾಯಿತು ಅನ್ನುವುದಕ್ಕೆ ಕೊಡಿ.

ನಿಲ್ಲಿಸುವ ಅಧಿಕಾರ

ಇಲ್ಲಿವರೆಗೆ ಹೇಳಿದ್ದೆಲ್ಲ ಇದೊಂದು ಇಲ್ಲದಿದ್ದರೆ ದಂಡ. ಅಪಾಯ ಕಂಡರೆ ಮಷಿನ್ ನಿಲ್ಲಿಸುವ ಅಧಿಕಾರ ಇವರಿಗೆ ಇದೆ ಅಂತ ಪ್ಲಾಂಟ್ ಹೆಡ್ ಸಹಿ ಮಾಡಿದ ಪತ್ರ ಬೇಕು. ಕನ್ನಡದಲ್ಲಿ, ಹಿಂದಿಯಲ್ಲಿ, ನೋಟಿಸ್ ಬೋರ್ಡ್ ಮೇಲೆ. ತಕ್ಷಣದ ಗಂಭೀರ ಅಪಾಯ ಕಂಡರೆ ಮಾಲೀಕರಿಗೂ ಇನ್‌ಸ್ಪೆಕ್ಟರ್‌ಗೂ ತಿಳಿಸುವ ಹಕ್ಕನ್ನು ಹೊಸ ಕಾರ್ಮಿಕ ಸಂಹಿತೆ ಪ್ರತಿ ಉದ್ಯೋಗಿಗೂ ಕೊಟ್ಟಿದೆ. ಆದರೆ ಕಾನೂನಿಗಿಂತ ಮೊದಲು ಪರೀಕ್ಷೆ ಬರುವುದು ತಿಂಗಳ ಕೊನೇ ದಿನ. ಲಾರಿ ಗೇಟ್‌ನಲ್ಲಿ ನಿಂತಿರುತ್ತದೆ, ಡಿಸ್ಪ್ಯಾಚ್ ಬಾಕಿ, ಆಗಲೇ ನಿಮ್ಮ ಟ್ರೈನಿ ಪ್ರೆಸ್ ನಿಲ್ಲಿಸುತ್ತಾರೆ. ಮ್ಯಾನೇಜರ್ ಆಗ ಎಲ್ಲರ ಮುಂದೆ ಏನು ಹೇಳುತ್ತಾರೋ ಅದನ್ನು ಶಾಪ್ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಆ ಮ್ಯಾನೇಜರ್‌ಗೂ ಮುಂಚೆಯೇ ಅರ್ಧ ದಿನ ಟ್ರೈನಿಂಗ್ ಕೊಟ್ಟಿರಿ.

ಅಲೋವೆನ್ಸ್ ಕೊಡಿ. ಓಟಿ ತಪ್ಪುತ್ತದೆ ಅಂತ ಗೊತ್ತಾದರೆ ಒಳ್ಳೆಯ ಆಪರೇಟರ್ ಯಾರೂ ಬರಲ್ಲ, ಬರಬೇಕು ಅಂತ ಕೇಳುವುದೂ ನ್ಯಾಯ ಅಲ್ಲ.

ಮುಂದಿನ ಓದು

1948ರ ಫ್ಯಾಕ್ಟರೀಸ್ ಆಕ್ಟ್ ಪ್ರಕಾರ 1000 ಕೆಲಸಗಾರರಿದ್ದ ಫ್ಯಾಕ್ಟರಿಗೆ ಸೇಫ್ಟಿ ಆಫೀಸರ್ ಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಸಂಹಿತೆ ಅದನ್ನು 500ಕ್ಕೆ ಇಳಿಸಿದೆ. ಅಪಾಯಕಾರಿ ಪ್ರಕ್ರಿಯೆ ಇರುವ ಫ್ಯಾಕ್ಟರಿಗೆ 250, ಕಟ್ಟಡ ಕೆಲಸಕ್ಕೆ 250, ಗಣಿಗೆ 100. ಅಂದರೆ ಕೆಲಸ ಇದೆ, ಇನ್ನೂ ಜಾಸ್ತಿ ಆಗುತ್ತದೆ.

ಆ ಹುದ್ದೆಗೆ ಇಂಜಿನಿಯರಿಂಗ್ ಡಿಗ್ರಿ ಅಥವಾ ಡಿಪ್ಲೊಮಾ, ಫ್ಯಾಕ್ಟರಿ ಅನುಭವ, ಅದರ ಮೇಲೆ ರಾಜ್ಯ ಸರ್ಕಾರ ಒಪ್ಪಿದ ಇಂಡಸ್ಟ್ರಿಯಲ್ ಸೇಫ್ಟಿ ಡಿಪ್ಲೊಮಾ ಕೇಳುವುದು ರೂಢಿ. ಜೊತೆಗೆ ಅಲ್ಲಿನ ಹೆಚ್ಚಿನ ಕೆಲಸಗಾರರ ಭಾಷೆ ಬರಬೇಕು ಅನ್ನುವ ಷರತ್ತೂ ಬಹಳ ಕಾಲದಿಂದ ಇದೆ. ಶಾಪ್‌ನಿಂದ ಬಂದವರಿಗೆ ಅದು ಪುಕ್ಕಟೆ ಅಂಕ. ಐಟಿಐ ಮಾಡಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೇರಬಹುದು. ಆಮೇಲೆ ಸೇಫ್ಟಿ ಡಿಪ್ಲೊಮಾ. ಮುಂಬೈನ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟ್‌ನಲ್ಲಿ, ನಮಗೆ ಹತ್ತಿರದ ಚೆನ್ನೈ ರೀಜನಲ್ ಲೇಬರ್ ಇನ್‌ಸ್ಟಿಟ್ಯೂಟ್‌ನಲ್ಲಿ ಅದು ಒಂದು ವರ್ಷದ ಕೋರ್ಸ್. ಕಂಪನಿಯೇ ಸ್ಪಾನ್ಸರ್ ಮಾಡಿ ಕಳಿಸಿದರೆ ಒಳ್ಳೆಯದು.

ನೆಬೋಷ್ ಮಾಡಿದರೆ ಸಾಕು ಅಂತ ಫೋನ್ ಮಾಡಿ ಕರೆಯುವ ಸೆಂಟರ್‌ಗಳು ತುಂಬಾ ಇವೆ. ಅದು ಬ್ರಿಟನ್ನಿನ ಸರ್ಟಿಫಿಕೇಟ್, ಗಲ್ಫ್‌ಗೆ ಹೋಗುವವರಿಗೆ ಬೆಲೆ ಇದೆ. ಇಲ್ಲಿ ಕಾನೂನು ಕೇಳುವ ಸೇಫ್ಟಿ ಆಫೀಸರ್ ಆಗಲು ಅದು ನಡೆಯುತ್ತಾ ಅಂತ ದುಡ್ಡು ಕಟ್ಟುವ ಮುಂಚೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ, ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಯಲ್ಲಿ ಕೇಳಿ ಬರಲಿ.

ಯಾರನ್ನು ಆ ಕೋರ್ಸ್‌ಗೆ ಕಳಿಸಬೇಕು ಅನ್ನುವುದಕ್ಕೆ ನನ್ನದೊಂದು ಪರೀಕ್ಷೆ ಇದೆ. ಹೊಸ ಮಷಿನ್ ಬಂದು ಸಪ್ಲೈಯರ್ ಕಡೆಯ ಇಂಜಿನಿಯರ್ ಡೆಮೊ ಕೊಡುವ ದಿನ ಟ್ರೈನಿಯನ್ನು ಅಲ್ಲಿ ಬಿಟ್ಟು ನಾನು ದೂರ ನಿಲ್ಲುತ್ತೇನೆ. ಸ್ಪೀಡ್ ಎಷ್ಟು, ಟನ್ನೇಜ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಈ ವರ್ಷ ಒಬ್ಬ ಹುಡುಗಿ ಕೇಳಿದಳು: "ಸಾರ್, ಪೀಸ್ ಒಳಗೆ ಸಿಕ್ಕಿಕೊಂಡರೆ ಕೈ ಹಾಕದೆ ಹೇಗೆ ತೆಗೆಯೋದು? ಈ ಗಾರ್ಡ್ ಬಿಚ್ಚಿದರೆ ಮಷಿನ್ ತಾನಾಗಿ ನಿಲ್ಲುತ್ತಾ? ಬೀಗ ಹಾಕೋಕೆ ಐಸೊಲೇಟರ್‌ನಲ್ಲಿ ತೂತು ಎಲ್ಲಿದೆ?" ಇಂಜಿನಿಯರ್ ಫೋನ್ ತೆಗೆದು ತಮ್ಮ ಆಫೀಸಿಗೆ ಕರೆ ಮಾಡಿದರು. ನಾನು ಚೆನ್ನೈ ಕೋರ್ಸ್‌ನ ಫಾರ್ಮ್ ತರಿಸಿದೆ.